ಶಹಬ್ಬಾಸ್‌ಗಿರಿಯಿಂದ ಸಂಸ್ಕೃತಿ ಹುಟ್ಟೀತೆ?

ಸಂಬಳವನ್ನು ಎಲ್ಲ ಕಂಪನಿಗಳೂ ಕೊಡುತ್ತವೆ, ಮೆಚ್ಚುಗೆ ಕೊಡುವವು ಕಡಿಮೆ. ನೌಕರರ ಬೆನ್ನು ತಟ್ಟಿ, ನಾಲ್ಕು ಜನರೆದುರು ಹೆಸರು ಹಿಡಿದು ಹೊಗಳಿ. ಕಂಪನಿ ತಮ್ಮದೇ ಎಂದು ಅವರು ತಿಳಿಯುತ್ತಾರೆ. ಹಾಗೆ ತಿಳಿದವರು ನೂರಾರು ಮಂದಿಯಾದರೆ ಗಟ್ಟಿಯಾದ ಸಂಸ್ಕೃತಿಯೊಂದು ಅಲ್ಲಿ ತಾನಾಗಿ ಬೆಳೆಯುತ್ತದೆ. ಎಚ್‌ಆರ್ ವಿಭಾಗದವರ ಈ ಮಾತು ಬೆಂಗಳೂರಿನ ಪೂರ್ವ ಭಾಗದಲ್ಲಿ ಈಗ ಗಾದೆಯ ಹಾಗೆ ಸಲೀಸಾಗಿ ಓಡಾಡುತ್ತಿದೆ. ಇಂದಿರಾನಗರದ ಸ್ಟಾರ್ಟಪ್ಪುಗಳಿಂದ ಕೆ.ಆರ್. ಪುರದಾಚೆಯ ಟೆಕ್ ಪಾರ್ಕುಗಳವರೆಗೆ ಶುಕ್ರವಾರ ಸಂಜೆಯ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ತರಹ. ಕೆಫೆಟೇರಿಯಾದಲ್ಲಿ ಎಲ್ಲರನ್ನೂ ಸೇರಿಸುತ್ತಾರೆ. ಕೇಕು, ಅಕ್ರಿಲಿಕ್ ಫಲಕ, ಕಂಪನಿಯ ಹೆಸರಿನ ಟೀ ಶರ್ಟು, ಆ್ಯಪಿನಲ್ಲಿ ಜಮೆಯಾಗುವ ಪಾಯಿಂಟು, ಪಾಯಿಂಟಿಗೆ ಬದಲು ಗಿಫ್ಟ್ ವೋಚರು. ಊರಿನ ಸನ್ಮಾನ ಸಮಾರಂಭಗಳ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲಗಳನ್ನು ಆಡಿಕೊಂಡು ನಗುವ ತರುಣರೇ ಇಲ್ಲಿ ಗಂಭೀರವಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಮೆಚ್ಚುಗೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಯಾರಿಗೆ ತಾನೆ ಬೇಡ? ತಕರಾರಿರುವುದು ಅದರಿಂದ ಸಂಸ್ಕೃತಿ ಕಟ್ಟಬಹುದು ಎಂಬ ನಂಬಿಕೆಯ ಮೇಲೆ. ಕೆಲಸದ ಜಾಗದ ಸಂಸ್ಕೃತಿಯನ್ನು ಕಟ್ಟುವವರು ಅಲ್ಲಿ ದುಡಿಯುವವರೇ. ನಾಳೆಯೂ ಕೆಲಸವಿರುತ್ತದೆಂಬ ಧೈರ್ಯ, ಕೈಯಲ್ಲಿ ಒಂದಿಷ್ಟು ಬಿಡುವಿನ ಹೊತ್ತು, ತಮ್ಮ ಮಾತಿಗೆ ಕಿವಿಗೊಡಲೇಬೇಕಾದ ಒಂದು ವ್ಯವಸ್ಥೆ ಇದ್ದಾಗ ಅವರು ಅದನ್ನು ಕಟ್ಟಿಕೊಳ್ಳುತ್ತಾರೆ. ಇವು ಯಾರೋ ಮೆಚ್ಚಿ ಕೊಟ್ಟರೆ ನಿಲ್ಲುವಂಥವಲ್ಲ, ಕಾನೂನಿನಲ್ಲೋ ಒಪ್ಪಂದದಲ್ಲೋ ಬರೆದಿರಬೇಕು. ಬೆಂಗಳೂರಿನ ಈ ದಿಕ್ಕಿನಲ್ಲಿ ಇದಕ್ಕೆ ಸಾಕ್ಷಿ ಹೇಳುವ ಕಟ್ಟಡಗಳು ಇನ್ನೂ ನಿಂತಿವೆ, ಕೆಲವು ಪಾಳು ಬಿದ್ದಿವೆ.

ಮೊದಲು ಈ ನಂಬಿಕೆ ಎಲ್ಲಿಂದ ಬಂತು ಎಂದು ನೋಡೋಣ. ಕೆಲಸಗಾರರ ಕಡೆ ಸ್ವಲ್ಪ ಗಮನ ಕೊಟ್ಟರೆ ಸಾಕು, ಉತ್ಪಾದನೆ ಏರುತ್ತದೆ ಎಂಬ ಮಾತಿನ ಮೂಲ ಅಮೆರಿಕದ ಶಿಕಾಗೊ ಪಕ್ಕದ ಹಾಥಾರ್ನ್ ಕಾರ್ಖಾನೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಈ ಕಾರ್ಖಾನೆ ತಯಾರಿಸುತ್ತಿದ್ದದ್ದು ಟೆಲಿಫೋನ್ ಸಾಮಗ್ರಿ. 1927ರಲ್ಲಿ ಐವರು ಹೆಂಗಸರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಟೆಲಿಫೋನ್ ರಿಲೇ ಜೋಡಿಸುವ ಕೆಲಸ ಕೊಟ್ಟು, ಅವರ ಬಿಡುವು, ಕೆಲಸದ ಅವಧಿ, ಉಪಾಹಾರ ಎಲ್ಲವನ್ನೂ ಬದಲಿಸುತ್ತ ಐದು ವರ್ಷ ಲೆಕ್ಕ ಇಟ್ಟರು. ಉತ್ಪಾದನೆ ಏರಿತು. ಹಾರ್ವರ್ಡಿನ ಎಲ್ಟನ್ ಮೇಯೊ ಮತ್ತು ಅವರ ಸಂಗಡಿಗರು ಇದರಿಂದ ತೆಗೆದ ತಾತ್ಪರ್ಯ: ದುಡ್ಡಿಗಿಂತ ಆದರ, ಗಮನ, ತಂಡದ ಭಾವನೆ ದೊಡ್ಡದು. ಇಂದಿನ ಎಚ್‌ಆರ್ ಪಾಠಗಳೆಲ್ಲ ಈ ಕೋಣೆಯಿಂದಲೇ ಶುರುವಾಗುತ್ತವೆ.

ಆ ಕೋಣೆಯ ಉಳಿದ ಸಂಗತಿಗಳನ್ನು ಪಾಠದಲ್ಲಿ ಹೇಳುವುದಿಲ್ಲ. ಕೂಲಿಯ ಪದ್ಧತಿಯನ್ನೂ ಅಲ್ಲಿ ಬದಲಿಸಿದ್ದರು. ದೊಡ್ಡ ವಿಭಾಗದ ಲೆಕ್ಕದಿಂದ ಬಿಡಿಸಿ, ಆ ಐವರು ಎಷ್ಟು ಜೋಡಿಸುತ್ತಾರೋ ಅಷ್ಟಕ್ಕೆ ಅವರಿಗೇ ಹಣ ಸಿಗುವಂತೆ ಮಾಡಿದ್ದರು. ಮತ್ತೊಂದು, 1928ರ ಆರಂಭದಲ್ಲಿ ಐವರಲ್ಲಿ ಇಬ್ಬರನ್ನು ಹೊರಗೆ ಕಳಿಸಿದರು. ಮಾತು ಹೆಚ್ಚು, ಹೇಳಿದ್ದು ಕೇಳುವುದಿಲ್ಲ ಎಂಬ ದೂರು ಅವರ ಮೇಲಿತ್ತು. ಅವರ ಜಾಗಕ್ಕೆ ಬೇರೆ ಇಬ್ಬರು ಬಂದ ಮೇಲೆ ಉತ್ಪಾದನೆ ನೆಗೆಯಿತು. ಅಲೆಕ್ಸ್ ಕೇರಿ ಎಂಬ ಆಸ್ಟ್ರೇಲಿಯದ ವಿದ್ವಾಂಸರು 1967ರಲ್ಲಿ ಇದನ್ನೆಲ್ಲ ಎತ್ತಿ ತೋರಿಸಿ, ಆದರದ ಸಿದ್ಧಾಂತಕ್ಕೆ ಈ ಪ್ರಯೋಗದಲ್ಲಿ ಆಧಾರವೇ ಇಲ್ಲ ಎಂದು ವಾದಿಸಿದರು. ಹಣ ಮತ್ತು ದಬ್ಬಾಳಿಕೆ ಎಂಬ ಹಳೆಯ ಎರಡು ಉಪಾಯಗಳೇ ಆ ಕೋಣೆಯಲ್ಲೂ ಕೆಲಸ ಮಾಡಿದ್ದವು ಎಂದು ಅವರ ಲೇಖನ ಓದಿದರೆ ಅನಿಸುತ್ತದೆ.

ಅದೇ ಕಾರ್ಖಾನೆಯಲ್ಲಿ ನಡೆದ ಮತ್ತೊಂದು ಅಧ್ಯಯನ ನನಗೆ ಹೆಚ್ಚು ಇಷ್ಟ. 1931ರಲ್ಲಿ 14 ಮಂದಿ ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ, ತಂತಿ ಜೋಡಿಸುವ ಅವರ ಕೆಲಸವನ್ನು ಸುಮ್ಮನೆ ಗಮನಿಸಿದರು. ದಿನಕ್ಕೆ ಎಷ್ಟು ಕೆಲಸ ನ್ಯಾಯ ಎಂದು ಅವರವರೇ ತೀರ್ಮಾನಿಸಿಕೊಂಡಿದ್ದರು. ಹೆಚ್ಚು ಮಾಡಿದರೂ ತಪ್ಪು, ತೀರಾ ಕಡಿಮೆ ಮಾಡಿದರೂ ತಪ್ಪು, ಮೇಲಿನವರಿಗೆ ಚಾಡಿ ಹೇಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತಪ್ಪಿದವನ ತೋಳಿಗೆ ಒಂದು ಗುದ್ದು. ಇದು ಸಂಸ್ಕೃತಿಯಲ್ಲದೆ ಮತ್ತೇನು? ಗಟ್ಟಿಯಾಗಿಯೇ ಇತ್ತು. ಆದರೆ ಅದು ಕಂಪನಿಯದಾಗಿರಲಿಲ್ಲ, ಅವರದಾಗಿತ್ತು; ಕೂಲಿಯ ದರ ಇಳಿಸಿಬಿಟ್ಟಾರು, ಜನ ಹೆಚ್ಚಾಯಿತೆಂದು ಕೆಲಸದಿಂದ ತೆಗೆದಾರು ಎಂಬ ಭಯಕ್ಕೆ ಅವರು ಕಟ್ಟಿಕೊಂಡ ಬೇಲಿ. ಭಯ ಸುಳ್ಳಾಗಲಿಲ್ಲ. ಮಹಾ ಆರ್ಥಿಕ ಕುಸಿತದಲ್ಲಿ ಹಾಥಾರ್ನ್ ಸಾವಿರಾರು ಜನರನ್ನು ಮನೆಗೆ ಕಳಿಸಿತು, ಪ್ರಯೋಗಗಳೂ ಅದರೊಂದಿಗೇ ನಿಂತವು.

ನಮ್ಮ ಊರಿಗೂ ಒಂದು ಟೆಲಿಫೋನ್ ಕಾರ್ಖಾನೆ ಇದೆ. ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಎಂಬ ಹೆಗ್ಗಳಿಕೆ ಅದರದು. ಬ್ರಿಟನ್ನಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು, ಆಮೇಲೆ ಬೆಲ್ಜಿಯಂ ಕಂಪನಿಯ ಜೊತೆ ಸೇರಿ ಕ್ರಾಸ್‌ಬಾರ್ ಎಕ್ಸ್‌ಚೇಂಜುಗಳನ್ನು ಮಾಡಿತು. ಮೊಬೈಲು ಬರುವ ಮುಂಚೆ ಬೆಳೆದವರ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಇದ್ದ ಬೆರಳಿಟ್ಟು ತಿರುಗಿಸುವ ಕಪ್ಪು ಫೋನು ಬಹುಮಟ್ಟಿಗೆ ಇಲ್ಲಿಯದೇ. ಕಾರ್ಖಾನೆಯ ಜೊತೆಗೆ ಕಾಲೋನಿ, ಆಸ್ಪತ್ರೆ, ಶಾಲೆ, ಆಟದ ಮೈದಾನ, ರಿಯಾಯಿತಿ ದರದ ಕ್ಯಾಂಟೀನು, ಊರ ಮೂಲೆಮೂಲೆಗೂ ಹೋಗಿ ಬರುವ ಫ್ಯಾಕ್ಟರಿ ಬಸ್ಸು. ಶಿಫ್ಟಿನ ಸೈರನ್ನಿಗೆ ಸುತ್ತಲಿನ ಮನೆಗಳ ಗಡಿಯಾರವೂ ನಡೆಯುತ್ತಿತ್ತು.

ಐಟಿಐ, ಎಚ್‌ಎಎಲ್, ಬಿಇಎಲ್‌ಗಳಲ್ಲಿ ದುಡಿದವರ ತಲೆಮಾರನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಗೊತ್ತು: ಅಲ್ಲಿ ಹೊಗಳಿಕೆಗೆ ಬರ. ಇಪ್ಪತ್ತೈದು ವರ್ಷದ ಸೇವೆಗೆ ಒಂದು ಕೈಗಡಿಯಾರ, ನಿವೃತ್ತಿಯ ದಿನ ಹಾರ, ಒಂದು ಭಾಷಣ. ಫೋರ್‌ಮನ್ ಬಾಯಲ್ಲಿ ಒಳ್ಳೆಯ ಮಾತು ಬಂದರೆ ಅದೇ ಸುದ್ದಿ. ಆದರೂ ಅಷ್ಟು ದಟ್ಟವಾದ ಕೆಲಸದ ಸಂಸ್ಕೃತಿಯನ್ನು ಬೆಂಗಳೂರು ಮತ್ತೆ ಕಂಡಿಲ್ಲ. ರಾಜ್ಯೋತ್ಸವಕ್ಕೆ ತಿಂಗಳಿಡೀ ತಾಲೀಮು ನಡೆಸುವ ಕನ್ನಡ ಸಂಘಗಳು, ಶಿಫ್ಟು ಮುಗಿಸಿ ನಾಟಕ ಕಟ್ಟುವವರು, ಸಹಕಾರ ಸಂಘಗಳು, ಅವು ಕೊಟ್ಟ ಸಾಲದಿಂದ ಎದ್ದ ಸೈಟು ಮನೆಗಳು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿತು. ಅದರ ಹೆಸರಿನ ಬಡಾವಣೆ ಈಗಲೂ ಬೋರ್ಡಿನ ಮೇಲಿದೆ, ಜನರ ಬಾಯಲ್ಲಿದೆ. ಈ ಭಾಗದ ಟಿನ್ ಫ್ಯಾಕ್ಟರಿ ಅಂತೂ ಕಾರ್ಖಾನೆಯಾಗಿ ಯಾರ ನೆನಪಿನಲ್ಲೂ ಇಲ್ಲ, ಬಸ್ ಸ್ಟಾಪಾಗಿ ಮತ್ತು ಟ್ರಾಫಿಕ್ ಜಾಮಾಗಿ ಅಮರವಾಗಿದೆ.

ಫುಟ್‌ಬಾಲಿನ ಮಾತನ್ನು ಇಲ್ಲಿ ಬಿಡುವಂತಿಲ್ಲ. ದಂಡಿನ ಸಿಪಾಯಿಗಳು ತಂದ ಆಟ ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನುಗಳಲ್ಲಿ ಬೇರೂರಿತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಈ ಓಣಿಗಳ ಹುಡುಗರಿಗೆ ಆಟ ಒಂದು ಬದುಕಾಗಿ ಕಂಡದ್ದು ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕೆಲಸ ಕೊಟ್ಟದ್ದರಿಂದ. 1977ರಲ್ಲಿ ಫೆಡರೇಷನ್ ಕಪ್ ಮೊಟ್ಟಮೊದಲ ಬಾರಿ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಕಪ್ ತಂದದ್ದು ಐಟಿಐ. ಕಲ್ಕತ್ತೆಯ ಆ ಹೆಸರಾಂತ ಕ್ಲಬ್ಬನ್ನು ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯ ತಂಡ ಸೋಲಿಸಿತು! ಯಾವ ಟೀಮ್ ಔಟಿಂಗ್ ಇಂಥದನ್ನು ಮಾಡೀತು? ಬೆಳಗಿನ ಅಭ್ಯಾಸಕ್ಕೆ ಸಮಯ, ಗಾಯವಾದರೆ ಆಸ್ಪತ್ರೆ, ಆಟದ ವಯಸ್ಸು ಮುಗಿದ ಮೇಲೂ ನಿಲ್ಲದ ಸಂಬಳ. ಆ ಕಪ್ಪಿನ ಹಿಂದೆ ಇದ್ದದ್ದು ಇವು.

ಇಷ್ಟಿದ್ದರೂ ಅಲ್ಲಿನ ನೌಕರರು ಕೃತಜ್ಞತೆಯಿಂದ ತಲೆಬಾಗಿ ಕೂತಿರಲಿಲ್ಲ. 1980ರ ಡಿಸೆಂಬರ್ ಕೊನೆಯಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಕಾರ್ಮಿಕರು ಒಟ್ಟಿಗೇ ಮುಷ್ಕರ ಹೂಡಿದರು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ತಮಗೂ ಬೇಕೆಂಬುದು ಬೇಡಿಕೆ. 77 ದಿನ ಬೆಂಗಳೂರಿನ ದೊಡ್ಡ ಕಾರ್ಖಾನೆಗಳು ನಿಂತುಹೋದವು. ಕೇಳಿದ್ದು ಪೂರ್ತಿ ಸಿಗಲಿಲ್ಲ, ಅದು ಬೇರೆ ಮಾತು. ಗಟ್ಟಿ ಸಂಸ್ಕೃತಿ ಇದ್ದ ಕಡೆ ಜನ ಮಾಲೀಕರನ್ನು ಎದುರಿಸಲೂ ಬಲ್ಲರು ಎಂಬುದು ಗಮನಿಸಬೇಕಾದ ಅಂಶ. ಈಗಿನ ಕಂಪನಿಗಳು ಗಟ್ಟಿ ಸಂಸ್ಕೃತಿ ಬೇಕು ಎನ್ನುವಾಗ ಇಂಥದನ್ನು ಬಯಸುತ್ತಿವೆಯೇ? ನನಗೆ ಅನುಮಾನ. ಅವುಗಳಿಗೆ ಬೇಕಾಗಿರುವುದು ಕೆಲಸ ಬಿಟ್ಟು ಹೋಗದ, ಎದುರು ಮಾತಾಡದ, ನಗುಮುಖದ ಜನ. ಅದಕ್ಕೆ ಸಂಸ್ಕೃತಿ ಎಂದು ಹೆಸರಿಡುವುದು ಸ್ವಲ್ಪ ಹೆಚ್ಚಾಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಅಷ್ಟು ಚಂದದ ಸಂಸ್ಕೃತಿ ಇದ್ದ ಐಟಿಐ ಕೊನೆಗೆ ಏನಾಯಿತು? ತೊಂಬತ್ತರ ದಶಕದಲ್ಲಿ ದೂರಸಂಪರ್ಕ ಸಾಮಗ್ರಿಯ ಮಾರುಕಟ್ಟೆ ತೆರೆದುಕೊಂಡಿತು; ಆಮೇಲಿನ ದಶಕದಲ್ಲಿ ಕಾರ್ಖಾನೆ ನಷ್ಟಕ್ಕೆ ಬಿತ್ತು. ಎನ್‌ಜಿಇಎಫ್ ಮುಚ್ಚಿಯೇ ಹೋಯಿತು. ಸೋಮಾರಿತನ ಬೆಳೆಸಿದ್ದೇ ಆ ಭದ್ರತೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಕಾಲುಭಾಗ ಸತ್ಯವಿದೆ. ಬಡ್ತಿ ಸೇವಾ ಹಿರಿತನದ ಸರದಿಯಲ್ಲಿ ಬರುತ್ತಿದ್ದುದರಿಂದ ಚೆನ್ನಾಗಿ ಮಾಡಿದವನಿಗೂ ಮಾಡದವನಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಕೈಚಳಕದ ಕೆಲಸಗಾರನೊಬ್ಬ ಮೂವತ್ತು ವರ್ಷ ದುಡಿದು, ತನ್ನ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಕೇಳದೆ ನಿವೃತ್ತನಾಗುವುದು ಅನ್ಯಾಯವೇ. ಸಂಘದ ಚುನಾವಣೆಗಳಲ್ಲಿ ಭಾಷೆ, ಜಾತಿಗಳ ಗುಂಪುಗಾರಿಕೆ ಇತ್ತು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆದರೆ ಕಾರ್ಖಾನೆ ಕುಸಿದದ್ದು ಇದರಿಂದಲ್ಲ. ಅದಕ್ಕಿದ್ದ ಗಿರಾಕಿ ಬಹುಕಾಲ ಒಂದೇ: ಸರ್ಕಾರದ ಅಂಚೆ ತಂತಿ ಇಲಾಖೆ, ಆಮೇಲೆ ದೂರಸಂಪರ್ಕ ಇಲಾಖೆ. ತಂತ್ರಜ್ಞಾನ ಹೊರಗಿನಿಂದ ಬರಬೇಕು, ಯಾವುದು ಬರಬೇಕೆಂದು ತೀರ್ಮಾನಿಸುವುದು ದಿಲ್ಲಿ. ಗಿರಾಕಿಯೂ ಒಡೆಯನೂ ಒಬ್ಬನೇ ಆಗಿದ್ದು, ಒಂದು ದಿನ ಆ ಗಿರಾಕಿ ಬೇರೆ ಅಂಗಡಿಗೆ ಹೋದರೆ ರಿಲೇ ಜೋಡಿಸುವವರ ಉತ್ಸಾಹ ಏನು ಮಾಡೀತು? ಅಲ್ಲಿ ವಾರಕ್ಕೊಮ್ಮೆ ಫಲಕ ಹಂಚಿದ್ದರೆ ಡಿಜಿಟಲ್ ಎಕ್ಸ್‌ಚೇಂಜ್ ಬೇಗ ಬರುತ್ತಿತ್ತು ಎಂದು ಯಾರೂ ಹೇಳಲಾರರು.

ಆ ದೂರವಾಣಿನಗರದ ಗೇಟಿನಲ್ಲೇ ಈಚೆಗೆ ನಡೆದದ್ದನ್ನೂ ಹೇಳಬೇಕು. 2021ರ ಡಿಸೆಂಬರ್ 1ರಂದು 80 ಮಂದಿ ಗುತ್ತಿಗೆ ಕಾರ್ಮಿಕರಿಗೆ ಒಳಗೆ ಪ್ರವೇಶ ಸಿಗಲಿಲ್ಲ. ವರ್ಷಗಟ್ಟಲೆ ಅಲ್ಲೇ ದುಡಿದವರು ಅವರಲ್ಲಿದ್ದರು. ಸಂಘ ಕಟ್ಟಿಕೊಂಡದ್ದಕ್ಕೇ ಹೊರಗೆ ಹಾಕಿದರು ಎಂಬುದು ಅವರ ಆರೋಪ. ತಿಂಗಳುಗಟ್ಟಲೆ ಗೇಟಿನೆದುರು ಧರಣಿ ಕೂತರು. ಹಳೆಯ ಕಾಯಂ ನೌಕರರ ಕಾಲೋನಿಯೂ ಈ ಧರಣಿಯ ಜಾಗವೂ ಒಂದೇ ಗೋಡೆಯ ಆಚೀಚೆ. ಹೆಸರು ಅದೇ, ಗೇಟು ಅದೇ; ನೇಮಕದ ಷರತ್ತು ಬೇರೆಯಾದದ್ದಕ್ಕೆ ಬದುಕು ಬೇರೆಯಾಯಿತು. ಸಂಸ್ಥೆಯ ಸಂಸ್ಕೃತಿ ಅದರ ಇತಿಹಾಸದಲ್ಲೋ ಲಾಂಛನದಲ್ಲೋ ಇರುತ್ತದೆ ಎನ್ನುವವರು ಇದನ್ನು ಹೇಗೆ ವಿವರಿಸುತ್ತಾರೋ ಕಾಣೆ.

ದಂಡಿನ ಕಡೆ ಬಂದರೆ ಇನ್ನೊಂದು ಬಗೆಯ ಉದಾಹರಣೆ ಸಿಗುತ್ತದೆ. ಕಾಫಿ ಬೋರ್ಡು ನಡೆಸುತ್ತಿದ್ದ ಇಂಡಿಯಾ ಕಾಫಿ ಹೌಸುಗಳನ್ನು ಐವತ್ತರ ದಶಕದಲ್ಲಿ ಮುಚ್ಚಲು ತೀರ್ಮಾನವಾಯಿತು. ಕೆಲಸಗಾರರು ಬೀದಿಗೆ ಬೀಳುವ ಹೊತ್ತಿಗೆ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದೆ ನಿಂತು, ನೀವೇ ಸಹಕಾರ ಸಂಘ ಮಾಡಿಕೊಂಡು ನಡೆಸಿ ಎಂದರು. ದೇಶದಲ್ಲೇ ಮೊದಲಿಗೆ ಅಂಥ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಎಂ.ಜಿ. ರಸ್ತೆಯ ಕಾಫಿ ಹೌಸು ಆ ಸಂಘದ್ದು. 2009ರಲ್ಲಿ ಅಲ್ಲಿಂದ ಏಳಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು. ಬಿಳಿ ಉಡುಪು, ಬೀಸಣಿಗೆಯಂಥ ತುರಾಯಿಯ ಪೇಟ ತೊಟ್ಟು ಆಮ್ಲೆಟ್ಟು ತಂದಿಡುವವರು ಆ ಸಂಘದ ಜನ. ಆ ಪೇಟ ಅವರಿಗೆ ಯಾರೂ ಸನ್ಮಾನಕ್ಕೆ ತೊಡಿಸಿದ್ದಲ್ಲ, ಡ್ಯೂಟಿಯ ಮೇಲೆ ಅವರೇ ತೊಟ್ಟದ್ದು. ಅಲ್ಲಿನ ಸಂಬಳ ದೊಡ್ಡ ಹೋಟೆಲಿನದ್ದಲ್ಲ, ಕುರ್ಚಿಯೂ ಹಳೆಯದು. ಬಡಿಸುವವರಿಗೆ ಗಿರಾಕಿಯ ಮುಂದೆ ಹಲ್ಲು ಕಿರಿಯುವ ಅಭ್ಯಾಸವೂ ಇಲ್ಲ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಎಬ್ಬಿಸುವುದಿಲ್ಲ. ಹೊಸ ಕಾಲದ ಮ್ಯಾನೇಜರ್ ಬಂದಿದ್ದರೆ ಇವೆಲ್ಲ ದೋಷಗಳ ಪಟ್ಟಿಯಲ್ಲಿ ಸೇರುತ್ತಿದ್ದವು. ಕಾಫಿ ಬೋರ್ಡು ಬೇಡವೆಂದು ಕೈಬಿಟ್ಟ ವ್ಯಾಪಾರ ಅರವತ್ತು ವರ್ಷ ದಾಟಿ ನಡೆದಿದೆ ಎಂಬುದನ್ನು ಮಾತ್ರ ಯಾವ ಪಟ್ಟಿಯೂ ಅಲ್ಲಗಳೆಯಲಾರದು.

ಕೊಡುಗೆಗೂ ಹಕ್ಕಿಗೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ಬೋನಸ್ಸಿನ ಚರಿತ್ರೆ ನೋಡಬೇಕು. ಮುಂಬಯಿಯ ಬಟ್ಟೆ ಗಿರಣಿಗಳು ಮೊದಲನೆಯ ಮಹಾಯುದ್ಧದ ಲಾಭದ ಕಾಲದಲ್ಲಿ ಬೋನಸ್ ಕೊಡಲು ತೊಡಗಿದವು. ಲಾಭ ಇಳಿದ ಕೂಡಲೇ ನಿಲ್ಲಿಸಿದವು. 1924ರಲ್ಲಿ ದೊಡ್ಡ ಮುಷ್ಕರವಾಯಿತು. ವಿಚಾರಣೆಗೆ ನೇಮಿಸಿದ ಸಮಿತಿ, ಬೋನಸ್ಸಿಗೆ ಕಾರ್ಮಿಕರಿಗೆ ಯಾವ ಕಾನೂನುಬದ್ಧ ಹಕ್ಕೂ ಇಲ್ಲ ಎಂದಿತು. ಅಂದರೆ ಅದು ಮಾಲೀಕರ ಮೆಚ್ಚುಗೆ, ಇಷ್ಟ ಬಂದಾಗ ಕೊಟ್ಟಾರು. ಅದನ್ನು ಕಾಯ್ದೆಯಾಗಿಸಲು 1965ರವರೆಗೆ ಕಾಯಬೇಕಾಯಿತು. ಈಗ ಕನಿಷ್ಠ ಶೇ 8.33, ಗರಿಷ್ಠ ಶೇ 20. ಆ ವಿಚಿತ್ರ 8.33ರ ಲೆಕ್ಕ ಸರಳ: ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ವೇತನ. ಆಯುಧಪೂಜೆಯ ದಿನ ಶಿವಾಜಿನಗರದ ಗ್ಯಾರೇಜಿನಲ್ಲಿ ಬೂದುಗುಂಬಳ ಒಡೆದ ಮೇಲೆ ಮಾಲೀಕರು ಹುಡುಗರ ಕೈಗಿಡುವ ಸ್ವೀಟ್ ಬಾಕ್ಸು, ನೋಟು ಇನ್ನೂ ಹಳೆಯ ಜಗತ್ತಿನವು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಐಟಿಐಯಂಥ ಕಾರ್ಖಾನೆಯ ನೌಕರನಿಗೆ ಬೋನಸ್ ಎಷ್ಟೆಂದು ಜಗಳಾಡುವ ಅಧಿಕಾರವಿತ್ತು. ಟೆಕ್ ಪಾರ್ಕಿನ ಗಿಫ್ಟ್ ವೋಚರು ಈ ಎರಡರಲ್ಲಿ ಯಾವುದಕ್ಕೆ ಹತ್ತಿರ? ಗ್ಯಾರೇಜಿನ ಸ್ವೀಟ್ ಬಾಕ್ಸಿಗೇ ಹತ್ತಿರ ಎಂದು ನನ್ನ ಉತ್ತರ. ಗ್ಯಾರೇಜಿನ ಮಾಲೀಕರು ಅದನ್ನು ಸಂಸ್ಕೃತಿ ನಿರ್ಮಾಣ ಎಂದು ಕರೆದುಕೊಳ್ಳುವುದಿಲ್ಲ, ಅಷ್ಟು ಪ್ರಾಮಾಣಿಕರು.

ಮೆಚ್ಚುಗೆಯ ಪರ ವಾದಿಸುವವರು ಫ್ರೆಡರಿಕ್ ಹರ್ಜ್‌ಬರ್ಗ್ ಹೆಸರನ್ನು ಎಳೆದು ತರುತ್ತಾರೆ. 1959ರ ಪುಸ್ತಕದಲ್ಲಿ ಅವರು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರು, ಅಕೌಂಟೆಂಟುಗಳನ್ನು ಮಾತಾಡಿಸಿ, ಮನ್ನಣೆ ಜನರಿಗೆ ತೃಪ್ತಿ ಕೊಡುತ್ತದೆ, ಸಂಬಳ ಮತ್ತು ಭದ್ರತೆ ಇಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ ಎಂದರು. ನಮ್ಮವರು ಮೊದಲ ಅರ್ಧ ಓದಿ ಪುಸ್ತಕ ಮುಚ್ಚಿದಂತಿದೆ. ಎರಡನೆಯ ಅರ್ಧ ಸರಿಯಿಲ್ಲದ ಕಡೆ ಮೊದಲನೆಯದನ್ನು ಸುರಿದರೆ ಅತೃಪ್ತಿ ಹೋಗುವುದಿಲ್ಲ ಎಂಬುದೂ ಅದೇ ಸಿದ್ಧಾಂತ. ಎರಡನೆಯ ಅರ್ಧ ಇಲ್ಲಿ ಹೇಗಿದೆ? ನೇಮಕ, ರಜೆ, ಅಮಾನತು, ವಜಾ ಇವೆಲ್ಲ ಹೇಗೆ ನಡೆಯಬೇಕೆಂದು ಬರೆದಿಟ್ಟು ಸರ್ಕಾರದ ಮುದ್ರೆ ಹಾಕಿಸಬೇಕೆನ್ನುತ್ತಿದ್ದದ್ದು 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ. ಕರ್ನಾಟಕ ಸರ್ಕಾರ ಐಟಿ, ಬಿಪಿಒ, ಸ್ಟಾರ್ಟಪ್ ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಡುತ್ತಲೇ ಬಂತು. 2024ರ ಜೂನ್‌ನಲ್ಲಿ ಇನ್ನೂ ಐದು ವರ್ಷ ಎಂದಿತು. ಮರು ತಿಂಗಳೇ ಐಟಿಯವರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಬಂತು, ನೌಕರರ ಸಂಘ ಕಿಟು ಬೀದಿಗಿಳಿಯಿತು, ಗದ್ದಲವಾಯಿತು. ಹದಿನಾಲ್ಕು ಗಂಟೆಯ ಜೊತೆಗೆ ಹೆಬ್ಬಾಳದಿಂದಲೋ ಸಿಲ್ಕ್ ಬೋರ್ಡಿನಿಂದಲೋ ಬಂದು ಹೋಗುವ ಹೊತ್ತನ್ನು ಕೂಡಿಸಿದರೆ ನಾಟಕದ ತಾಲೀಮಿಗೆ, ಫುಟ್‌ಬಾಲಿಗೆ ಯಾವ ಗಂಟೆ ಉಳಿಯುತ್ತದೆ?

ಮೆಚ್ಚುಗೆಯನ್ನು ರೇಷನ್ನಿನ ಹಾಗೆ ಹಂಚುವ ಬೆಲ್ ಕರ್ವ್ ಪದ್ಧತಿ ಬೇರೆ. ಹತ್ತು ಜನರ ತಂಡದಲ್ಲಿ ಇಂತಿಷ್ಟು ಜನ ಮೇಲು, ಇಂತಿಷ್ಟು ಜನ ಕೀಳು ಎಂದು ಮೊದಲೇ ಗೆರೆ ಹಾಕಿ ಅಪ್ರೈಸಲ್ ಮಾಡಿದರೆ, ಒಬ್ಬರ ಫಲಕ ಇನ್ನೊಬ್ಬರ ನೌಕರಿಗೆ ಕುತ್ತು. ಪಕ್ಕದ ಕುರ್ಚಿಯವರಿಗೆ ಕೆಲಸ ಹೇಳಿಕೊಡಲು ಎರಡು ಸಲ ಯೋಚಿಸಬೇಕಾದ ಕಡೆ ಹಾಥಾರ್ನಿನ ಆ 14 ಮಂದಿಯ ಒಗ್ಗಟ್ಟೂ ಹುಟ್ಟುವುದಿಲ್ಲ. ಹೊಗಳಿಕೆಯ ಸಮಾರಂಭ ಮುಗಿದ ಮೇಲೆ ಬಣ್ಣದ ಕಾಗದದ ಚೂರು ಗುಡಿಸುವವರು, ಗೇಟಿನಲ್ಲಿ ಬ್ಯಾಗು ನೋಡುವವರು, ರಾತ್ರಿ ಕ್ಯಾಬು ಓಡಿಸುವವರು ಸಾಮಾನ್ಯವಾಗಿ ಏಜೆನ್ಸಿಯ ಕಡೆಯವರು. ಕಂಪನಿಯ ದಾಖಲೆಯಲ್ಲಿ ನೌಕರರೇ ಅಲ್ಲ.

ಹೊರಗೆ, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಊಟದ ಪೆಟ್ಟಿಗೆ ಹೊತ್ತು ಸ್ಕೂಟರಿನಲ್ಲಿ ಕಾಯುವವರಿಗೆ ಮೆಚ್ಚುಗೆ ಐದು ನಕ್ಷತ್ರಗಳ ರೂಪದಲ್ಲಿ ಬರುತ್ತದೆ. ದಿನಕ್ಕೆ ಅವರಷ್ಟು ಶಹಬ್ಬಾಸ್‌ಗಿರಿ ಪಡೆಯುವ ದುಡಿಮೆಗಾರರು ಜಗತ್ತಿನ ಚರಿತ್ರೆಯಲ್ಲೇ ಇರಲಿಲ್ಲ. ಒಂದು ಸಂಜೆ ಮಳೆಗೆ ತಡವಾಗಿ ನಕ್ಷತ್ರ ಕಡಿಮೆಯಾದರೆ ಅದೇ ಮೆಚ್ಚುಗೆ ಶಿಕ್ಷೆಯಾಗಿ ತಿರುಗಿ ಬೀಳುತ್ತದೆ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ನಕ್ಷತ್ರಗಳ ಗೋಜಿಗೆ ಹೋಗದೆ ನೇರ ವಿಷಯಕ್ಕೆ ಬಂತು: ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕ್ಷೇಮನಿಧಿಗೆ ಕಂಪನಿ ಕಟ್ಟಬೇಕು, ಕೆಲಸದಿಂದ ತೆಗೆಯುವ ಮುಂಚೆ 14 ದಿನದ ನೋಟಿಸು ಕೊಡಬೇಕು, ಆ್ಯಪು ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆಂದು ತಿಳಿಸಬೇಕು. ಜಾರಿ ಹೇಗಾಗುತ್ತದೋ ನೋಡಬೇಕು.

ಪೌರಕಾರ್ಮಿಕರ ವಿಷಯದಲ್ಲೂ ಹೀಗೇ ಆಯಿತು. ಪ್ರತಿವರ್ಷ ಸೆಪ್ಟೆಂಬರ್ 23ರಂದು ಅವರ ದಿನಾಚರಣೆ, ವೇದಿಕೆಯಲ್ಲಿ ಶಾಲು ಹಾರ. ಕೊರೋನಾ ಕಾಲದಲ್ಲಿ ಹೂಮಳೆ ಕೂಡ ಆಯಿತು. ಶಾಲು ಹೊದ್ದವರ ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಕೂತ ಮೇಲೆ ಸರ್ಕಾರ ಕಾಯಮಾತಿಗೆ ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರನ್ನು ಕಾಯಂಗೊಳಿಸುವ ಸಮಾರಂಭ ನಡೆಯಿತು. ಅಂದಿನ ವೇದಿಕೆಯ ಮೇಲೂ ಹಾರ ಇದ್ದಿರಬೇಕು, ಆದರೆ ಮನೆಗೆ ಕೊಂಡುಹೋದದ್ದು ಕಾಗದ.

ಹಾಗಾದರೆ ಒಳ್ಳೆಯ ಮೆಚ್ಚುಗೆ ಎಂಬುದೇ ಇಲ್ಲವೇ? ಇದೆ, ಕಮರ್ಷಿಯಲ್ ಸ್ಟ್ರೀಟಿನ ಸಂದುಗಳ ದರ್ಜಿ ಅಂಗಡಿಗಳಲ್ಲಿ ಅದನ್ನು ನೋಡಬಹುದು. ಮಾಸ್ಟರ್ ಬಾಯಿಬಿಟ್ಟು ಹೊಗಳುವುದು ಅಪರೂಪ. ಹುಡುಗನ ಕೈ ಪಳಗಿದೆ ಅನಿಸಿದ ದಿನ ಕತ್ತರಿ ಅವನ ಕೈಗೆ ಕೊಡುತ್ತಾರೆ. ಗುಂಡಿ ಹಾಕುವವನು ಬಟ್ಟೆ ಕತ್ತರಿಸುವವನಾಗುತ್ತಾನೆ, ಅವನ ಕೂಲಿಯೂ ಬದಲಾಗುತ್ತದೆ. ಈ ಮೆಚ್ಚುಗೆಗೆ ತೂಕ ಬರುವುದು ಕೊಡುವವರಿಗೆ ಕೆಲಸ ಗೊತ್ತಿರುವುದರಿಂದ, ಜೊತೆಗೆ ಕೊಟ್ಟ ಮೇಲೆ ಏನೋ ಒಂದು ಬದಲಾಗುವುದರಿಂದ. ನೀವು ಬರೆದ ಕೋಡನ್ನು ಒಂದು ಸಾಲೂ ಓದದ ಮ್ಯಾನೇಜರು ತಿಂಗಳ ತಾರೆಯೆಂದು ನಿಮ್ಮ ಫೋಟೊ ಹಾಕಿದರೆ ಈ ಎರಡೂ ಇರುವುದಿಲ್ಲ. ಸಹೋದ್ಯೋಗಿಯೊಬ್ಬರು ನಿಮ್ಮ ಕೋಡಿನಲ್ಲಿ ತಪ್ಪು ಹುಡುಕಿ, ಉಳಿದದ್ದು ಚೆನ್ನಾಗಿದೆ ಎಂದರೆ ಅದು ಬಹುದಿನ ನೆನಪಿರುತ್ತದೆ. ಅದಕ್ಕೆ ಬಜೆಟ್ಟೂ ಬೇಡ, ಕೆಫೆಟೇರಿಯಾವೂ ಬೇಡ.

ಎಚ್‌ಆರ್‌ನವರು ಒಂದು ಕೆಲಸ ಮಾಡಬಹುದು. ಸ್ಟ್ಯಾಂಡಿಂಗ್ ಆರ್ಡರ್ಸ್ ವಿನಾಯಿತಿ ಪುಕ್ಕಟೆ ಬಂದದ್ದಲ್ಲ. ನೌಕರರ ಪ್ರತಿನಿಧಿಗಳೂ ಆಡಳಿತದ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕೆಂಬುದು ಅದರ ಷರತ್ತುಗಳಲ್ಲಿ ಒಂದಾಗಿತ್ತು. ಆ ಕಾಯ್ದೆ ಈಗ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿಹೋಗಿದೆ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಅಂಥದೇ ಸಮಿತಿ ಇರಬೇಕೆಂದು ಸಂಹಿತೆಯೂ ಹೇಳುತ್ತದೆ. ಹೆಂಗಸರಿಗೆ ಅದರಲ್ಲಿ ಸೂಕ್ತ ಪಾಲಿರಬೇಕು. ಸಮಿತಿಯ ಅಧ್ಯಕ್ಷತೆ ಒಂದು ವರ್ಷ ಮಾಲೀಕರ ಕಡೆಗೆ, ಮರುವರ್ಷ ಕೆಲಸಗಾರರ ಕಡೆಗೆ. ಎಂಜಿನಿಯರು ಕಾರ್ಮಿಕನೋ ಅಲ್ಲವೋ ಎಂಬ ಹಳೆಯ ವ್ಯಾಜ್ಯ ಇನ್ನೂ ತೀರಿಲ್ಲ, ನಿಜ. ಆದರೂ ತಮ್ಮ ಕಂಪನಿಯ ಸಮಿತಿಯಲ್ಲಿ ಈ ವರ್ಷ ಸರದಿ ಯಾರದು, ಕೊನೆಯ ಸಭೆ ಎಂದು ನಡೆಯಿತು ಎಂದು ಯಾರಾದರೂ ಎಚ್‌ಆರ್‌ಗೆ ಒಂದು ಇಮೇಲ್ ಬರೆದು ಕೇಳಲಿ.